ಸಾಲಿ ಸುದ್ದಿ ಮನೀತನಕಾ ಮುಟ್ಟೂದು ಹೆಂಗ? ಪಾಲಕರು ಏನು ಕೇಳಬಹುದು, ಎಲ್ಲಿ ನೋಡಬಹುದು

ಲೋಕಾಪುರ: "ಗ್ರೂಪಿಗೆ ಹಾಕಿದ್ವಲ್ರೀ, ನೋಡಿಲ್ಲೇನು?" ಈಗ ಯಾವ ಶಾಲೆಗೆ ಹೋದರೂ ಪಾಲಕರಿಗೆ ಮೊದಲು ಕೇಳಿಬರುವ ಮಾತು ಇದು. ಸ್ಕಾಲರ್‌ಶಿಪ್ಪಿಗೆ ಕಾಗದ ಕೊಡುವ ಕೊನೆಯ ದಿನ, ಪಾಲಕರ ಸಭೆ, ಶೂ ಅಳತೆ, ಪರೀಕ್ಷೆ ವೇಳಾಪಟ್ಟಿ ಎಲ್ಲವೂ ವಾಟ್ಸ್ಆ್ಯಪ್ ಗ್ರೂಪಿಗೆ ಬೀಳುತ್ತದೆ. ಆದರೆ ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಕಬ್ಬಿನ ಹೊಲಕ್ಕೋ, ಕಲ್ಲಿನ ಕ್ವಾರಿಗೋ, ಗೋವಾದ ಕಟ್ಟಡ ಕೆಲಸಕ್ಕೋ ಹೋಗಿರುತ್ತದೆ. ಮಗುವನ್ನು ಸಾಲಿಗೆ ತಯಾರು ಮಾಡಿ ಕಳಿಸುವ ತಾಯಿಗೆ ಸುದ್ದಿ ಗೊತ್ತಾಗುವುದು ರಾತ್ರಿಗೆ, ಇಲ್ಲವೆಂದರೆ ಗೊತ್ತಾಗುವುದೇ ಇಲ್ಲ. ಶಾಲೆಯ ಲೆಕ್ಕದಲ್ಲಿ ತಿಳಿಸಿಯಾಗಿದೆ, ಮನೆಯ ಲೆಕ್ಕದಲ್ಲಿ ಯಾರೂ ತಿಳಿಸಿಲ್ಲ. ಹಾಗಾದರೆ ಪಾಲಕರಿಗೆ ಏನೇನು ತಿಳಿಸಬೇಕು, ಹೇಗೆ ತಿಳಿಸಬೇಕು ಅಂತ ನಿಯಮ ಏನಾದರೂ ಇದೆಯೇ? ಇದೆ. ಬಹಳ ಮಂದಿ ಅದನ್ನು ಕೇಳಿಲ್ಲ ಅಷ್ಟೇ.

ಮೊದಲು ಸುದ್ದಿ ಬರುವ ದಾರಿ ನೋಡೋಣ. ಬೆಂಗಳೂರಿನಲ್ಲಿ ಶಾಲಾ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಅದು ಧಾರವಾಡದ ಅಪರ ಆಯುಕ್ತರ ಕಚೇರಿ, ಬಾಗಲಕೋಟೆಯ ಉಪನಿರ್ದೇಶಕರು (ಡಿಡಿಪಿಐ), ಮುಧೋಳದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಕ್ಲಸ್ಟರಿನ ಸಿಆರ್‌ಪಿ, ಆಮೇಲೆ ನಮ್ಮ ಶಾಲೆಯ ಹೆಡ್‌ಮಾಸ್ತರ ಹೀಗೆ ಮೆಟ್ಟಿಲು ಇಳಿಯುತ್ತಾ ಬರುತ್ತದೆ. ಅಲ್ಲಿವರೆಗೆ ಎಲ್ಲವೂ ಫಾರ್ವರ್ಡ್ ಆಗುತ್ತದೆ, ಒಂದೆರಡು ದಿನದೊಳಗೆ ಮುಟ್ಟಿಯೂ ಬಿಡುತ್ತದೆ. ಕೊನೆಯ ಮೆಟ್ಟಿಲು, ಅಂದರೆ ಶಾಲೆಯಿಂದ ಮನೆಗೆ, ಅದೇ ಕಡಿದಾದದ್ದು. ನಾಲ್ಕು ಪುಟದ ಪಿಡಿಎಫ್ಅನ್ನು ಹಾಗೆಯೇ ಗ್ರೂಪಿಗೆ ತಳ್ಳಿದರೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅನ್ನುವ ಸಾಲಿನಲ್ಲೇ ಅರ್ಧ ಮಂದಿ ನಿಂತುಬಿಡುತ್ತಾರೆ. ಹಿಂದೆ ವಾಲಿಕಾರ ಡಂಗುರ ಹೊಡೆದು ಎರಡೇ ಮಾತಿನಲ್ಲಿ ಹೇಳುತ್ತಿದ್ದ. ಓದು ಬಾರದವರಿಗೂ ಅದು ತಿಳಿಯುತ್ತಿತ್ತು.

ಇದರಲ್ಲಿ ನಷ್ಟ ಏನು ಅಂತ ಕೇಳಿದರೆ, ನೇರ ಹಣದ ನಷ್ಟ. ಮೆಟ್ರಿಕ್ ಪೂರ್ವ ಸ್ಕಾಲರ್‌ಶಿಪ್ ಈಗ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಬರುತ್ತದೆ. ಅದಕ್ಕೆ ಮಗುವಿನ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಸರಿಯಾಗಿ ದಾಖಲಾಗಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಒಂದನೆತ್ತಿಗೆ ಸೇರಿಸುವಾಗ ಮಾಡಿಸಿದ್ದು ಆರನೆತ್ತಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. "ಹೊಸಾದು ತರ್ರಿ" ಅನ್ನುವ ಒಂದು ಸಾಲಿನ ಸುದ್ದಿ ಮನೆಗೆ ಮುಟ್ಟಲಿಲ್ಲ ಅಂದರೆ ಆ ವರ್ಷದ ದುಡ್ಡು ಹೋಯಿತು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು ಇದ್ದರೂ ಅದೇ ಗತಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿಗೆ ಬಂದ ಮೇಲೆ ತಿದ್ದಿಸಲು ಓಡಾಡುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಕಾನೂನು ಏನನ್ನುತ್ತದೆ

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪಾಠ ಮಾಡುವುದು, ಸಮಯಕ್ಕೆ ಬರುವುದರ ಜೊತೆಗೇ ಇನ್ನೊಂದು ಕರ್ತವ್ಯ ಇದೆ: ಪಾಲಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆದ ಪ್ರಗತಿ ಮತ್ತು ಬೇರೆ ಸಂಬಂಧಪಟ್ಟ ಮಾಹಿತಿಯನ್ನು ತಿಳಿಸುವುದು. ಅಂದರೆ "ನಮ್ ಹುಡುಗ ಹೆಂಗ ಓದ್ತಾನ್ರೀ ಅಕ್ಕೋರ?" ಅಂತ ಕೇಳುವುದು ಉಪಕಾರ ಬೇಡಿದಂತಲ್ಲ. ಹೇಳುವುದು ಅವರ ಕೆಲಸದ ಭಾಗ.

ಅದೇ ಕಾಯ್ದೆಯ 21ನೇ ಕಲಮು ಶಾಲಾ ಸಮಿತಿಯ ಬಗ್ಗೆ. ನಮ್ಮಲ್ಲಿ ಇದು ಎಸ್‌ಡಿಎಂಸಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕೇಂದ್ರದ ಕಾಯ್ದೆಗಿಂತ ಮೊದಲೇ, ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಕೊಟ್ಟ ಸಲಹೆಯಂತೆ ಕರ್ನಾಟಕ ಸರಕಾರ 2001ರ ಏಪ್ರಿಲ್‌ನಲ್ಲೇ ಆದೇಶ ಹೊರಡಿಸಿ ಇದನ್ನು ಕಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಆ ಶಾಲೆಯಲ್ಲೇ ಓದುವ ಮಕ್ಕಳ ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಹೆಡ್‌ಮಾಸ್ತರ ಸದಸ್ಯ ಕಾರ್ಯದರ್ಶಿ. ಶಾಲೆಯ ಕೆಲಸ ನೋಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಅಂತ ಗಮನಿಸುವುದು ಸಮಿತಿಯ ಕೆಲಸ.

ಕೇಂದ್ರ ಸರಕಾರದ ಮಾದರಿ ನಿಯಮದ ಪ್ರಕಾರ ಈ ಸಮಿತಿ ತಿಂಗಳಿಗೊಮ್ಮೆಯಾದರೂ ಕೂಡಬೇಕು, ನಡಾವಳಿ ಬರೆದಿಡಬೇಕು, ಅದು ಸಾರ್ವಜನಿಕರಿಗೆ ನೋಡಲು ಸಿಗಬೇಕು. ಆದರೆ ಊರುಗಳಲ್ಲಿ ಆಗುವುದೇ ಬೇರೆ. ಅಧ್ಯಕ್ಷರ ಆಯ್ಕೆ ಬಂದರೆ ಪಂಚಾಯಿತಿ ಚುನಾವಣೆಯಷ್ಟೇ ಕಾವು, ಆಯ್ಕೆ ಮುಗಿದ ಮೇಲೆ ಸಭೆಗೆ ಜನ ಇಲ್ಲ. ಹನ್ನೊಂದು ಗಂಟೆಗೆ ಸಭೆ ಇಟ್ಟರೆ ಕೂಲಿಗೆ ಹೋಗುವ ತಾಯಿ ಒಂದು ದಿನದ ಪಗಾರ ಬಿಟ್ಟು ಬರಬೇಕು. ಕೆಲವು ಕಡೆ ಸದಸ್ಯೆ ಹೆಂಡತಿ, ಸಭೆಗೆ ಬಂದು ಕೂರುವವನು ಗಂಡ. ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಿಲ್ಲಿಸಿ ಬರಬೇಕು, ನಮ್ಮ ಕಡೆ ಕಬ್ಬು ಕಡಿಯುವ ಹಂಗಾಮಿನಲ್ಲಿ ಸಭೆ ಕರೆದರೆ ಕೋರಂ ಆಗುವುದೇ ಕಷ್ಟ. ಸಭೆಯನ್ನು ಸಂಜೆ ಆರಕ್ಕೆ ಇಟ್ಟರೆ ನಿಯಮ ಏನೂ ಮುರಿಯುವುದಿಲ್ಲ. ಮಾಸ್ತರರಿಗೆ ತೊಂದರೆ ಅನ್ನುವುದು ಖರೆ, ಹಾಗಂತ ತಿಂಗಳಿಗೊಂದು ಸಂಜೆ ಕೇಳುವುದು ಅತಿಯೂ ಅಲ್ಲ.

ದುಡ್ಡಿನ ಮಾಹಿತಿ, ಅಂಗಡಿಕಾರರಿಗೂ

ಸಮಗ್ರ ಶಿಕ್ಷಣದಡಿ ಶಾಲೆಗೆ ವರ್ಷಕ್ಕೆ ಬರುವ ಸಂಯುಕ್ತ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಿದ್ದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಹತ್ತು ಪರ್ಸೆಂಟ್ ಸ್ವಚ್ಛತೆಗೆ ಹೋಗಬೇಕು. ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಗೊತ್ತಿದ್ದರೆ ಎಷ್ಟು ಬರಬಹುದು ಅನ್ನುವುದು ಕುಳಿತಲ್ಲೇ ಗೊತ್ತಾಯಿತು. ಹುಡುಗಿಯರ ಶೌಚಾಲಯದ ಬಾಗಿಲು ಮುರಿದು ಆರು ತಿಂಗಳಾಗಿದ್ದರೆ, ಸಭೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೂ ಸಿಕ್ಕಿತು.

ಶೂ-ಸಾಕ್ಸ್ ವಿಷಯ ನಮ್ಮ ಬಜಾರಿಗೇ ಸಂಬಂಧಪಟ್ಟದ್ದು. ಇದರ ಹಣ ಶಾಲೆಯ ಎಸ್‌ಡಿಎಂಸಿಗೇ ಬರುತ್ತದೆ, ಖರೀದಿ ಮಾಡುವುದೂ ಸಮಿತಿಯೇ. ಕಳೆದ ಕೆಲ ವರ್ಷಗಳ ಆದೇಶಗಳಲ್ಲಿ 1ರಿಂದ 5ನೇ ತರಗತಿಗೆ ಒಂದು ಮಗುವಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325 ರೂಪಾಯಿ ಅಂತ ದರ ಇತ್ತು. ಸ್ಥಳೀಯವಾಗಿ ದರಪಟ್ಟಿ ತರಿಸಿ, ಗುಣಮಟ್ಟ ನೋಡಿ ಕೊಳ್ಳಬೇಕು. ಅಂದಮೇಲೆ ಲೋಕಾಪುರದ ಚಪ್ಪಲಿ ಅಂಗಡಿಯವರು ಹೆಡ್‌ಮಾಸ್ತರರ ಬಳಿ ಹೋಗಿ "ದರಪಟ್ಟಿ ಯಾವಾಗ ಕರೀತೀರಿ?" ಅಂತ ಕೇಳುವುದರಲ್ಲಿ ತಪ್ಪಿಲ್ಲ. ಸುದ್ದಿ ಗೊತ್ತಿಲ್ಲದೆ ಹೋದರೆ ಎಲ್ಲಿಂದಲೋ ಬಂದ ವ್ಯಾಪಾರಿ ಕೊಟ್ಟು ಹೋಗುತ್ತಾನೆ, ಹದಿನೈದು ದಿನಕ್ಕೆ ಅಟ್ಟೆ ಬಿಚ್ಚಿದರೆ ಬದಲಿ ಕೊಡಲು ಅವನು ಸಿಗುವುದಿಲ್ಲ. ಊರಿನ ಅಂಗಡಿಯಾದರೆ ಪಾಲಕರು ಹೋಗಿ ಜಗಳವಾದರೂ ಮಾಡಬಹುದು.

ಬಿಸಿಯೂಟದ ಲೆಕ್ಕಕ್ಕೆ ಯಾರನ್ನೂ ಕೇಳಬೇಕಾಗಿಯೇ ಇಲ್ಲ. ಯೋಜನೆಯ ಮಾರ್ಗಸೂಚಿಯೇ ಹೇಳುವಂತೆ, ಬಂದ ಧಾನ್ಯ ಎಷ್ಟು, ಬಳಸಿದ್ದೆಷ್ಟು, ಉಂಡ ಮಕ್ಕಳೆಷ್ಟು, ಇವತ್ತಿನ ಅಡುಗೆ ಏನು ಎಲ್ಲವೂ ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆದಿರಬೇಕು. ಶಾಲೆಗೆ ಹೋದಾಗ ಆ ಗೋಡೆ ನೋಡಿ. ಹೋದ ವರ್ಷದ ತಾರೀಖು ಹಾಗೇ ಇದ್ದರೆ ಮೆಲ್ಲಗೆ ನೆನಪಿಸಿ.

ಫೋನ್ ಇಲ್ಲದ ಮನೆಯ ಪಟ್ಟಿ

"ಎಲ್ಲರ ಮನೀಗೆ ಹೋಗಿ ಹೇಳಾಕ ಆಗ್ತೈತೇನ್ರೀ?" ಅನ್ನುವುದು ಶಿಕ್ಷಕರ ಕಡೆಯ ಮಾತು. ಅವರ ಮೇಲಿರುವ ಆನ್‌ಲೈನ್ ಎಂಟ್ರಿಗಳ ಹೊರೆ ನೋಡಿದರೆ ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆದರೆ ಎಲ್ಲರ ಮನೆಗೂ ಹೋಗಬೇಕಿಲ್ಲ. 2020ರಲ್ಲಿ ಕೊರೊನಾ ಕಾಲಕ್ಕೆ ವಿದ್ಯಾಗಮ ಶುರುವಾದಾಗ ಶಿಕ್ಷಕರು ಮಕ್ಕಳನ್ನು ಮೂರು ಗುಂಪು ಮಾಡಿದ್ದರು: ಇಂಟರ್‌ನೆಟ್ ಇರುವ ಮೊಬೈಲ್ ಉಳ್ಳವರು, ಸಾದಾ ಮೊಬೈಲ್ ಉಳ್ಳವರು, ಮೊಬೈಲೇ ಇಲ್ಲದವರು. ಗುಡಿ ಕಟ್ಟೆ, ಸಮುದಾಯ ಭವನ, ಮರದ ನೆರಳು ಎಲ್ಲ ಕಡೆ ಪಾಠ ನಡೆಯಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, ಆದರೆ ಯಾವ ಮನೆಗೆ ಯಾವ ದಾರಿಯಲ್ಲಿ ಸುದ್ದಿ ಹೋಗುತ್ತದೆ ಅನ್ನುವ ಲೆಕ್ಕ ಆವತ್ತು ಪ್ರತಿ ಶಾಲೆಯಲ್ಲೂ ಇತ್ತು.

ಆ ಪಟ್ಟಿಯನ್ನು ಪ್ರತಿ ಜೂನ್‌ನಲ್ಲಿ ಹೊಸದಾಗಿ ಮಾಡಿದರೆ ಅರ್ಧ ಕೆಲಸ ಮುಗಿಯಿತು. ನಲವತ್ತು ಮಕ್ಕಳ ತರಗತಿಯಲ್ಲಿ ಗ್ರೂಪಿಗೆ ಸಿಗದ ಮನೆಗಳು ಏಳೆಂಟು ಇರಬಹುದು ಅಂದುಕೊಳ್ಳಿ. ಅಷ್ಟು ಮಕ್ಕಳ ಕೈಗೆ ಚೀಟಿ ಕೊಟ್ಟು, ತಾಯಿಯ ಸಹಿ ಅಥವಾ ಹೆಬ್ಬೆಟ್ಟು ತರಿಸಿದರೆ ಸಾಕು. ಗ್ರೂಪಿನಲ್ಲೂ ಪಿಡಿಎಫ್ ಜೊತೆಗೆ ಅರ್ಧ ನಿಮಿಷದ ಆಡಿಯೋ ಹಾಕಿದರೆ ಓದಲು ಬಾರದ ಅಜ್ಜಿಯೂ ಕೇಳಿ ತಿಳಿಯುತ್ತಾಳೆ. ಶಾಲೆ ಗೇಟಿನ ಪಕ್ಕದ ಹಲಗೆ, ಹಾಲಿನ ಡೇರಿ, ಗಿರಣಿ, ರೇಷನ್ ಅಂಗಡಿ, ಸಂತೆ ದಿನ ಜನ ಸೇರುವ ಕಿರಾಣಿ ಅಂಗಡಿ, ಇಲ್ಲೆಲ್ಲ ಒಂದು ಕಾಗದ ಅಂಟಿಸಲು ಯಾರ ಪರವಾನಗಿ ಬೇಕು? ಅಂಗಡಿಯವರು ಹೂಂ ಅಂದರೆ ಆಯಿತು. ಹಿಟ್ಟು ಬೀಸಿಸಲು ಬರುವವರು ಹೆಚ್ಚಾಗಿ ತಾಯಂದಿರೇ. ಗಿರಣಿಯ ಗೋಡೆ ಈ ಕೆಲಸಕ್ಕೆ ವಾಟ್ಸ್ಆ್ಯಪ್‌ಗಿಂತ ಒಂದು ಕೈ ಮೇಲು ಅಂತ ನಮಗನಿಸುತ್ತದೆ.

ಎದುರು ಕೂತು ಕೇಳಲು ಇರುವ ದಿನ ಅಂದರೆ 'ಸಮುದಾಯದತ್ತ ಶಾಲೆ' ಕಾರ್ಯಕ್ರಮ. ಪರೀಕ್ಷೆ, ಮೌಲ್ಯಮಾಪನ ಆದ ಮೇಲೆ ಪಾಲಕರನ್ನು ಕರೆದು ಮಗುವಿನ ಉತ್ತರ ಪತ್ರಿಕೆ, ಪ್ರಗತಿ ಪತ್ರ ತೋರಿಸುವ ದಿನ ಅದು. ಮೇಜಿನ ಮೇಲಿನ ಉತ್ತರ ಪತ್ರಿಕೆ ತೆಗೆದು ನೋಡಿ. ಅಂಕ ಎಷ್ಟು ಅನ್ನುವುದಕ್ಕಿಂತ "ಕನ್ನಡ ಓದತಾಳೇನ್ರೀ? ಭಾಗಾಕಾರ ಬರ್ತೈತೇನ್ರೀ? ಎಷ್ಟು ದಿನ ತಪ್ಪಿಸ್ಯಾಳ?" ಅಂತ ಕೇಳಿದರೆ ಉತ್ತರ ನೆಟ್ಟಗೆ ಸಿಗುತ್ತದೆ.

ಮಳೆಗಾಲದ ಒಂದು ಮಾತನ್ನೂ ಇಲ್ಲೇ ಹೇಳಬೇಕು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಮುಧೋಳ ತಾಲೂಕಿನ ಊರುಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅಂಥ ಹೊತ್ತಿನಲ್ಲಿ "ನಾಳೆ ಸಾಲಿ ಸೂಟಿ" ಅನ್ನುವ ಸುಳ್ಳು ಮೆಸೇಜು ಖರೆ ಮೆಸೇಜಿಗಿಂತ ಬೇಗ ಓಡುತ್ತದೆ. ಮಳೆ ರಜೆ ಘೋಷಣೆ ಜಿಲ್ಲಾಡಳಿತದಿಂದ ಬರುತ್ತದೆ, ಆದೇಶದಲ್ಲಿ ತಾರೀಖು, ಯಾವ ತಾಲೂಕು, ಅಧಿಕಾರಿಯ ಸಹಿ ಇರುತ್ತವೆ. ತಾರೀಖು ಇಲ್ಲದ, ಹೋದ ವರ್ಷದ ಆದೇಶದ ಫೋಟೋ ಬಂದರೆ ಮುಂದೆ ಕಳಿಸುವ ಮೊದಲು ಕ್ಲಾಸ್ ಮಾಸ್ತರರಿಗೆ ಒಂದು ಫೋನ್ ಮಾಡಿ.

ಮಕ್ಕಳನ್ನು ಖಾಸಗಿ ಇಂಗ್ಲಿಷ್ ಮೀಡಿಯಂಗೆ ಹಾಕಿದ ಅಂಗಡಿಕಾರರು ಇದೆಲ್ಲ ನಮಗಲ್ಲ ಅಂದುಕೊಳ್ಳಬೇಡಿ. ಅನುದಾನರಹಿತ ಶಾಲೆಗೆ 21ನೇ ಕಲಮಿನ ಸಮಿತಿ ಕಡ್ಡಾಯವಲ್ಲ. ಆದರೆ 24ನೇ ಕಲಮಿನ ಶಿಕ್ಷಕರ ಕರ್ತವ್ಯ ಅಲ್ಲಿಗೂ ಇದೆ. ಫೀ ಬಾಕಿಯ ಮೆಸೇಜು ತಪ್ಪದೆ ಬರುವ ಶಾಲೆಯಿಂದ ಮಗುವಿನ ಕಲಿಕೆಯ ಮಾಹಿತಿಯೂ ತಪ್ಪದೆ ಬರಬೇಕು.

ಕೇಳಿದ್ದು ಸಿಗದಿದ್ದರೆ ಮೊದಲು ಹೆಡ್‌ಮಾಸ್ತರ, ಆಮೇಲೆ ಸಿಆರ್‌ಪಿ, ಅದಾದ ಮೇಲೆ ಮುಧೋಳದ ಬಿಇಒ ಕಚೇರಿ, ಕೊನೆಗೆ ಬಾಗಲಕೋಟೆಯ ಡಿಡಿಪಿಐ. ನಡಾವಳಿ ಪುಸ್ತಕ ತೋರಿಸಲು ಒಪ್ಪದೇ ಇದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡು ಇದ್ದವರಿಗೆ ಆ ಹತ್ತು ರೂಪಾಯಿಯೂ ಬೇಡ. ಸಾಮಾನ್ಯವಾಗಿ ಅಲ್ಲಿವರೆಗೆ ಹೋಗುವ ಪ್ರಸಂಗ ಬರುವುದಿಲ್ಲ, ನಾಲ್ಕು ಮಂದಿ ತಾಯಂದಿರು ಕೂಡಿ ಶಾಲೆಗೆ ಹೋಗಿ "ಪುಸ್ತಕ ತೋರಸ್ರೀ ಸರ" ಅಂದರೆ ಪುಸ್ತಕ ಹೊರಗೆ ಬರುತ್ತದೆ.