ಹೆಜ್ಜೆಗೆ ಹೆಜ್ಜೆ ಕೂಡುವ ಗುಂಪು: ಐರ್ಲೆಂಡಿನಲ್ಲಿ ತಕ್ಕ ಸೈಕಲ್ ಕ್ಲಬ್ಬಿನ ಆಯ್ಕೆ

ಐರ್ಲೆಂಡ್ ಚಿಕ್ಕ ದ್ವೀಪವಾದರೂ ಸೈಕಲ್ಲಿನ ಚರಿತ್ರೆಯಲ್ಲಿ ಅದರ ಹೆಸರು ದೊಡ್ಡದು. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ 1887ರಲ್ಲಿ ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಟಯರನ್ನು ಅಳವಡಿಸಿ, ಮರುವರ್ಷ ಅದಕ್ಕೆ ಪೇಟೆಂಟ್ ಪಡೆದರು. ಅದಾಗಿ ನೂರು ವರ್ಷ ಕಳೆಯುವ ಹೊತ್ತಿಗೆ, 1987ರಲ್ಲಿ, ಡಬ್ಲಿನ್ನಿನ ಸ್ಟೀಫನ್ ರೋಚ್ ಇಟಲಿಯ ಜಿರೊ, ಫ್ರಾನ್ಸಿನ ಟೂರ್ ಎಂಬ ಪಂದ್ಯಗಳು ಮತ್ತು ವಿಶ್ವ ಚಾಂಪಿಯನ್‌ಷಿಪ್ ಮೂರನ್ನೂ ಒಂದೇ ವರ್ಷ ಗೆದ್ದರು. ಟಿಪ್ಪರೇರಿ ಕೌಂಟಿಯ ಸಣ್ಣ ಪಟ್ಟಣವಾದ ಕ್ಯಾರಿಕ್-ಆನ್-ಶೂರ್‌ನ ಶಾನ್ ಕೆಲ್ಲಿ ಟೂರ್ ಪಂದ್ಯದಲ್ಲಿ ಅಂಕಗಳ ಲೆಕ್ಕದಲ್ಲಿ ಮೊದಲಿಗರಿಗೆ ಸಲ್ಲುವ ಹಸಿರು ಅಂಗಿಯನ್ನು ನಾಲ್ಕು ಬಾರಿ ಪಡೆದರೆ, ಅದೇ ಊರಲ್ಲಿ ಬೆಳೆದ ಸ್ಯಾಮ್ ಬೆನೆಟ್ 2020ರಲ್ಲಿ ಅದನ್ನು ಮತ್ತೆ ಆ ಊರಿಗೆ ತಂದರು. ಆದರೆ ಈ ಪರಂಪರೆಯನ್ನು ಇಂದು ಜೀವಂತವಾಗಿ ಇಟ್ಟಿರುವವರು ಕೇವಲ ಪಂದ್ಯಾಳುಗಳಲ್ಲ. ಶನಿವಾರ, ಭಾನುವಾರಗಳ ಬೆಳಗ್ಗೆ ಊರಿನ ಚೌಕದಲ್ಲಿ ಸೇರಿ, ಕೆಲವು ಗಂಟೆ ಒಟ್ಟಾಗಿ ತುಳಿದು, ನಡುವೆ ಕಾಫಿಗೆ ನಿಂತು ಮನೆಗೆ ಮರಳುವ ಸಾಮಾನ್ಯ ಸವಾರರೂ ಹೌದು.

ಇಂಥ ಸವಾರರ ಕ್ಲಬ್ಬುಗಳಲ್ಲಿ ಹೆಚ್ಚಿನವು ‘ಸೈಕ್ಲಿಂಗ್ ಐರ್ಲೆಂಡ್’ ಎಂಬ ರಾಷ್ಟ್ರೀಯ ಸಂಸ್ಥೆಗೆ ಸೇರಿವೆ; ಉತ್ತರ ಐರ್ಲೆಂಡನ್ನೂ ಒಳಗೊಂಡು ಇಡೀ ದ್ವೀಪ ಅದರ ವ್ಯಾಪ್ತಿಗೆ ಬರುತ್ತದೆ. ಪಂದ್ಯದಲ್ಲಿ ಭಾಗವಹಿಸದೆ ವಿಹಾರಕ್ಕಾಗಿ ಮಾತ್ರ ತುಳಿಯುವವರಿಗೆ ಬೇರೆ ಬಗೆಯ ಸದಸ್ಯತ್ವವಿದ್ದು, ಅದರೊಂದಿಗೆ ವಿಮಾ ರಕ್ಷಣೆಯೂ ದೊರೆಯುತ್ತದೆ. ಆದ್ದರಿಂದ ಹೊಸಬರ ಮುಂದಿರುವ ಪ್ರಶ್ನೆ ಕ್ಲಬ್ಬು ಸಿಗುತ್ತದೆಯೇ ಎಂಬುದಕ್ಕಿಂತ, ತಮ್ಮ ವೇಗಕ್ಕೆ ಒಗ್ಗುವ ಗುಂಪು ಯಾವುದು ಎಂಬುದೇ ಆಗಿದೆ.

ಬಹುಪಾಲು ಕ್ಲಬ್ಬುಗಳು ಸದಸ್ಯರನ್ನು ಸರಾಸರಿ ವೇಗದ ಆಧಾರದ ಮೇಲೆ ಎರಡು ಮೂರು ಗುಂಪುಗಳಾಗಿ ವಿಂಗಡಿಸುತ್ತವೆ. ಸರಾಸರಿ ವೇಗವೆಂದರೆ ಕ್ರಮಿಸಿದ ಒಟ್ಟು ದೂರವನ್ನು ಚಲಿಸುತ್ತಿದ್ದ ಸಮಯದಿಂದ ಭಾಗಿಸಿದಾಗ ಬರುವ ಸಂಖ್ಯೆ. ಕಾಫಿಗೆ ನಿಂತ ಹೊತ್ತು ಅದರಲ್ಲಿ ಸೇರುವುದಿಲ್ಲ. ಸಂಖ್ಯೆಗಳ ನಡುವಿನ ಅಂತರ ಕಾಗದದ ಮೇಲೆ ಸಣ್ಣದೆನಿಸಿದರೂ, ಗಂಟೆಗೆ 22 ಕಿ.ಮೀ. ತುಳಿಯುವವರು 25 ಕಿ.ಮೀ. ಗುಂಪನ್ನು ಸೇರಿ ತಮ್ಮದೇ ವೇಗದಲ್ಲಿ ಸಾಗಿದರೆ ಮೂರು ಗಂಟೆಯ ಕೊನೆಗೆ 9 ಕಿ.ಮೀ. ಹಿಂದೆ ಉಳಿದಿರುತ್ತಾರೆ. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ತೀವ್ರವಾಗಿ ಬೆಳೆಯುತ್ತದೆ. ಸಮತಟ್ಟಾದ ದಾರಿಯಲ್ಲಿ, ಗಾಳಿ ಬೀಸದ ಹೊತ್ತಿನಲ್ಲಿಯೂ, 24 ಕಿ.ಮೀ.ನಿಂದ 30 ಕಿ.ಮೀ.ಗೆ ಏರಲು ಗಾಳಿಯನ್ನು ಸೀಳುವುದಕ್ಕೆ ಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮುಂದಿನವರ ಗಾಲಿಯ ಹಿಂದೆಯೇ ಸಾಗುವವರಿಗೆ ಅವರ ಮೈಯೇ ಗಾಳಿಮರೆಯಾಗಿ ಶ್ರಮ ಬಹಳಷ್ಟು ಉಳಿಯುವುದರಿಂದ, ಒಂಟಿಯಾಗಿ 22 ಕಿ.ಮೀ. ತುಳಿಯುವವರು ಗುಂಪಿನ ಮರೆಯಲ್ಲಿ ಅದಕ್ಕಿಂತ ತುಸು ಹೆಚ್ಚಿನ ವೇಗವನ್ನು ಆಯಾಸವಿಲ್ಲದೆ ತಾಳಿಕೊಳ್ಳಬಲ್ಲರು.

ಆದರೆ ಈ ಮರೆ ಏರುದಾರಿಯಲ್ಲಿ ಹೆಚ್ಚು ನೆರವಾಗುವುದಿಲ್ಲ. ಅಲ್ಲಿ ವೇಗ ತಗ್ಗಿ ಗಾಳಿಯ ತಡೆ ಕಡಿಮೆಯಾಗುತ್ತದೆ. ಸವಾರರು ತಮ್ಮ ಮೈಭಾರವನ್ನು ತಾವೇ ಮೇಲಕ್ಕೆ ಒಯ್ಯಬೇಕಾಗುತ್ತದೆ. ಆದ್ದರಿಂದ ಕಿಲ್‌ಡೇರ್ ಕೌಂಟಿಯ ಕರ್ರಾ ಬಯಲಿನ 25 ಕಿ.ಮೀ. ಮತ್ತು ಸ್ಯಾಲಿ ಗ್ಯಾಪ್, ವಿಕ್ಲೋ ಗ್ಯಾಪ್ ಎಂಬ ಕಣಿವೆದಾರಿಗಳನ್ನು ಹತ್ತಿ ಇಳಿಯುವ ವಿಕ್ಲೋ ಬೆಟ್ಟಗಳ 25 ಕಿ.ಮೀ. ಒಂದೇ ಅಲ್ಲ. ಪಶ್ಚಿಮ ಕರಾವಳಿಯ ಕೌಂಟಿಗಳಲ್ಲಿ ಅಟ್ಲಾಂಟಿಕ್ ಕಡೆಯಿಂದ ಬೀಸುವ ಎದುರುಗಾಳಿ ಬೆಟ್ಟವಿಲ್ಲದ ಕಡೆಯಲ್ಲೂ ಬೆಟ್ಟದಷ್ಟೇ ದಣಿಸಬಲ್ಲದು. ಹೀಗಾಗಿ ಕ್ಲಬ್ಬು ಹೇಳುವ ಸಂಖ್ಯೆಯೊಂದಿಗೆ ಎಷ್ಟು ದೂರ, ಎಷ್ಟು ಏರು, ಯಾವ ದಾರಿ ಎಂಬುದನ್ನೂ ಕೇಳಿಕೊಳ್ಳಬೇಕು.

ಇದಕ್ಕಿಂತ ಮುಖ್ಯವಾದುದು, ಹಿಂದುಳಿದವರನ್ನು ಗುಂಪು ಹೇಗೆ ಕಾಣುತ್ತದೆ ಎಂಬ ಪ್ರಶ್ನೆ. ಕೆಲವು ಗುಂಪುಗಳು ಯಾರನ್ನೂ ಬಿಟ್ಟುಹೋಗುವುದಿಲ್ಲವೆಂಬ ನಿಯಮವನ್ನು ಮೊದಲೇ ತಿಳಿಸಿ, ಪ್ರತಿ ಏರಿನ ತುದಿಯಲ್ಲಿ ಎಲ್ಲರೂ ಕೂಡುವವರೆಗೆ ಕಾಯುತ್ತವೆ. ಮುಂದೆ ದಾರಿ ಬಲ್ಲ ನಾಯಕರೊಬ್ಬರು, ಕೊನೆಯಲ್ಲಿ ಅನುಭವಿಯೊಬ್ಬರು ಇದ್ದು, ಯಾರಿಗಾದರೂ ಪಂಕ್ಚರ್ ಆದರೆ ಎಲ್ಲರೂ ನಿಲ್ಲುತ್ತಾರೆ. ಇನ್ನು ಕೆಲವು ಗುಂಪುಗಳಲ್ಲಿ ವೇಗ ಕಾಯ್ದುಕೊಳ್ಳಲಾಗದವರು ತಾವೇ ಮನೆಯ ದಾರಿ ಹಿಡಿಯಬೇಕು. ಎರಡರಲ್ಲೂ ತಪ್ಪಿಲ್ಲ, ಆದರೆ ಯಾವುದು ಯಾವುದೆಂದು ಹೊರಡುವ ಮುನ್ನವೇ ತಿಳಿದಿರಬೇಕು. ಐರ್ಲೆಂಡಿನ ಕಾಯಿದೆಯಲ್ಲಿ ಇಬ್ಬರು ಅಕ್ಕಪಕ್ಕ ಸಾಗಲು ಅನುಮತಿಯಿರುವುದರಿಂದ ಗುಂಪು ಜೋಡಿಜೋಡಿಯಾಗಿ ಚಲಿಸುತ್ತದೆ. ಗುಂಡಿಯನ್ನು ಕೈಸನ್ನೆಯಿಂದ ತೋರುವುದು, ವಾಹನ ಬಂದಾಗ ಕೂಗಿ ಹೇಳುವುದು, ಹಠಾತ್ತನೆ ಬ್ರೇಕ್ ಹಿಡಿಯದಿರುವುದು ಇವೆಲ್ಲ ಗುಂಪಿನ ಶಿಸ್ತು. ಚಳಿಗಾಲದಲ್ಲಿ ಹಿಂದಿನವರ ಮುಖಕ್ಕೆ ಕೆಸರುನೀರು ಸಿಡಿಯದಂತೆ ಉದ್ದನೆಯ ಮಡ್‌ಗಾರ್ಡ್ ಕಡ್ಡಾಯ ಮಾಡುವ ಕ್ಲಬ್ಬುಗಳೂ ಇವೆ.

ಸೇರುವ ಮೊದಲು ತಮ್ಮ ವೇಗವನ್ನು ತಾವೇ ಅರಿಯಲು ಗ್ರೀನ್‌ವೇ ಎಂಬ, ಮೋಟಾರು ವಾಹನಗಳಿಲ್ಲದ ದಾರಿಗಳು ನೆರವಾಗುತ್ತವೆ. ಹಳೆಯ ರೈಲುಹಾದಿಯ ಮೇಲೆ ರೂಪಿಸಿ 2017ರಲ್ಲಿ ತೆರೆದ, ವಾಟರ್‌ಫರ್ಡ್‌ನಿಂದ ಡಂಗಾರ್ವನ್‌ವರೆಗಿನ ಸುಮಾರು 46 ಕಿ.ಮೀ. ದಾರಿ ಇವುಗಳಲ್ಲಿ ಹೆಸರಾದುದು. ಅಲ್ಲಿ ಅವಸರಪಡದೆ ಎರಡು ಮೂರು ಗಂಟೆ ತುಳಿದಾಗ ದೊರೆಯುವ ಸರಾಸರಿಯೇ ನಂಬತಕ್ಕದ್ದು. ಒಂದೇ ಗಂಟೆ ಉಸಿರುಗಟ್ಟಿ ತುಳಿದ ವೇಗವಲ್ಲ. ಗುಂಪಿನ ವೇಗ ಯಾವ ರೀತಿಯಲ್ಲೂ ಒಗ್ಗದವರಿಗೆ ಆಡಾಕ್ಸ್ ಎಂಬ ದೂರದ ಸವಾರಿಯ ಪದ್ಧತಿಯಿದೆ. ಕರ್ನಾಟಕದ ಸವಾರರಿಗೂ ಪರಿಚಿತವಾದ ಇದರಲ್ಲಿ 200 ಕಿ.ಮೀ. ಮುಗಿಸಲು ಹದಿಮೂರೂವರೆ ಗಂಟೆ ಕಾಲಾವಕಾಶವಿದ್ದು, ಯಾರಿಗೂ ಸ್ಥಾನ ನಿಗದಿಯಾಗುವುದಿಲ್ಲ.

ನಂದಿಬೆಟ್ಟದ ಮುಂಜಾವದ ಏರನ್ನು ಬಲ್ಲವರು ಐರ್ಲೆಂಡಿಗೆ ಬಂದಾಗ ರಸ್ತೆಯ ಎಡಬದಿಯ ಸಂಚಾರ ಹಳೆಯ ರೂಢಿಯೇ ಆಗಿರುತ್ತದೆ. ಮಳೆಗಾಳಿ ಮತ್ತು ಜೋಡಿ ಸಾಲಿನ ಶಿಸ್ತು ಹೊಸದಾಗಿರುತ್ತವೆ. ಅಂಥವರು ತಮ್ಮ ಸಾಮರ್ಥ್ಯಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಗುಂಪಿನಿಂದ ಆರಂಭಿಸುವುದು ಒಳಿತು. ಮೇಲಿನ ಗುಂಪಿಗೆ ಯಾವ ಭಾನುವಾರವಾದರೂ ಹೋಗಬಹುದು, ಆದರೆ ವಿಕ್ಲೋ ಬೆಟ್ಟದ ನಡುವೆ ಬಲ ಕುಂದಿದರೆ ಆ ಭಾರವನ್ನು ಜೊತೆಗಾರರೆಲ್ಲ ಹೊರಬೇಕಾಗುತ್ತದೆ. ಸವಾರಿಯ ಕೊನೆಯ ಗಂಟೆಯಲ್ಲಿಯೂ ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತಾಡುವಷ್ಟು ಉಸಿರು ಉಳಿದಿದ್ದು, ಸರದಿ ಬಂದಾಗ ಮುಂದೆ ಹೋಗಿ ಇತರರಿಗೆ ಗಾಳಿಮರೆಯಾಗಲು ಸಾಧ್ಯವಾದರೆ, ಆ ಗುಂಪು ತಕ್ಕದ್ದೆಂದು ಧೈರ್ಯವಾಗಿ ಸದಸ್ಯತ್ವ ಪಡೆಯಬಹುದು.