ಫ್ಲ್ಯಾಪ್‌ಗೆ ರಕ್ತ ಹರಿಯುತ್ತಿದೆಯೇ? ರೋಗಿಗಳಿಗೂ ಸಂಬಂಧಿಕರಿಗೂ ತಿಳಿವಳಿಕೆ

ಬಾಯಿ ಕ್ಯಾನ್ಸರ್‌ಗಾಗಿ ಕೆನ್ನೆ, ನಾಲಿಗೆ ಅಥವಾ ದವಡೆಯ ಭಾಗ ತೆಗೆದಾಗ, ಇಲ್ಲವೇ ಅಪಘಾತದಲ್ಲಿ ಕಾಲಿನ ಮೂಳೆ ಹೊರಗೆ ಕಾಣುವಷ್ಟು ಗಾಯವಾದಾಗ, ಆ ಜಾಗವನ್ನು ಮುಚ್ಚಬೇಕಾಗುತ್ತದೆ. ಅದಕ್ಕಾಗಿ ರೋಗಿಯದೇ ಮುಂಗೈ, ತೊಡೆ ಅಥವಾ ಕಾಲಿನಿಂದ ಚರ್ಮ, ಮಾಂಸ, ಕೆಲವೊಮ್ಮೆ ಮೂಳೆಯನ್ನೂ ತೆಗೆದು ಜೋಡಿಸುತ್ತಾರೆ. ಇದನ್ನು ‘ಫ್ಲ್ಯಾಪ್’ ಎನ್ನುತ್ತೇವೆ.

ಫ್ಲ್ಯಾಪ್‌ಗೆ ರಕ್ತ ತರುವ ನಾಳ ಒಂದು, ಹಿಂದಕ್ಕೆ ಒಯ್ಯುವ ನಾಳ ಇನ್ನೊಂದು. ಇವುಗಳ ಅಗಲ ಸುಮಾರು 1ರಿಂದ 3 ಮಿಲಿಮೀಟರ್ ಮಾತ್ರ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ಕೂದಲಿಗಿಂತ ತೆಳುವಾದ ದಾರದಿಂದ ಇವನ್ನು ಹೊಲಿಯುತ್ತಾರೆ.

ನಿದ್ದೆಯಲ್ಲಿದ್ದರೂ ಏಕೆ ಎಬ್ಬಿಸುತ್ತೇವೆ?

ಹೊಲಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲ 3 ದಿನಗಳಲ್ಲಿ ಹೆಚ್ಚು. ಫ್ಲ್ಯಾಪ್ ತೆಗೆಯುವಾಗ ಅದರ ನರಗಳೂ ತುಂಡಾಗಿರುವುದರಿಂದ, ರಕ್ತ ನಿಂತರೂ ರೋಗಿಗೆ ನೋವಾಗದೇ ಇರಬಹುದು. ‘ನೋವಿಲ್ಲ, ಎಲ್ಲಾ ಸರಿಯಿದೆ’ ಎಂದು ತಿಳಿಯಬೇಡಿ. ಬೇಗ ಗೊತ್ತಾದರೆ ಮತ್ತೆ ಥಿಯೇಟರ್‌ಗೆ ಒಯ್ದು, ಹೆಪ್ಪು ತೆಗೆದು ಫ್ಲ್ಯಾಪ್ ಉಳಿಸುವ ಅವಕಾಶವಿರುತ್ತದೆ. ಕೆಲವು ಗಂಟೆ ತಡವಾದರೂ ಅದು ಸತ್ತುಹೋಗಬಹುದು. ಆದ್ದರಿಂದಲೇ ಮೊದಲ ದಿನ ಸಾಮಾನ್ಯವಾಗಿ ಗಂಟೆಗೊಮ್ಮೆ, ರಾತ್ರಿಯೂ ನೋಡುತ್ತೇವೆ.

ಸಿಸ್ಟರ್ ಏನು ನೋಡುತ್ತಾರೆ?

ಬಣ್ಣ, ಬಿಸುಪು, ಊತ ನೋಡುತ್ತಾರೆ. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡುತ್ತಾರೆ. ಬಿಳಿಚಿದ ಜಾಗಕ್ಕೆ 2-3 ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಡಾಪ್ಲರ್ ಯಂತ್ರವಿಟ್ಟು ರಕ್ತ ಹರಿಯುವ ಸದ್ದು ಕೇಳುತ್ತಾರೆ. ಸಂಶಯ ಬಂದರೆ ವೈದ್ಯರು ಸೂಜಿಯಿಂದ ಚುಚ್ಚಿ ರಕ್ತದ ಬಣ್ಣ ನೋಡುತ್ತಾರೆ.

ತಕ್ಷಣ ಕರೆಯಬೇಕಾದ ಲಕ್ಷಣಗಳು

1. ಫ್ಲ್ಯಾಪ್ ಬಿಳಿಚಿ, ತಣ್ಣಗಾಗಿ, ಸೊರಗಿದಂತೆ ಕಂಡರೆ: ಒಳಗೆ ರಕ್ತ ಬರುತ್ತಿಲ್ಲದಿರಬಹುದು.
2. ನೀಲಿ ಅಥವಾ ನೇರಳೆಯಾಗಿ, ಊದಿ ಬಿಗಿಯಾದರೆ, ಅಂಚಿನಿಂದ ಕಪ್ಪು ರಕ್ತ ಜಿನುಗಿದರೆ: ರಕ್ತ ಹೊರಹೋಗುತ್ತಿಲ್ಲದಿರಬಹುದು. ಹೆಚ್ಚಾಗಿ ಕಾಣುವ ತೊಂದರೆ ಇದೇ.

ತೊಡೆಯ ಚರ್ಮದ ಬಣ್ಣ ಮುಖದ ಬಣ್ಣಕ್ಕೆ ಹೊಂದುವುದಿಲ್ಲ. ಮೊದಲ ದಿನವೇ ‘ಸರಿಯಾದ ಬಣ್ಣ ಯಾವುದು’ ಎಂದು ಸಿಸ್ಟರ್ ಬಳಿ ಕೇಳಿ ನೋಡಿಕೊಳ್ಳಿ.

ನೀವು ಪಾಲಿಸಬೇಕಾದದ್ದು

* ಫ್ಲ್ಯಾಪ್ ಅನ್ನು ನೀವಾಗಿ ಒತ್ತಬೇಡಿ, ಒರೆಸಬೇಡಿ.
* ಹೇಳಿದ ಭಂಗಿಯಲ್ಲೇ ಮಲಗಿಸಿ. ಆಪರೇಷನ್ ಆದ ಭಾಗದ ಮೇಲೆ ಭಾರ ಬೀಳಬಾರದು.
* ಮುಖ, ಬಾಯಿಯ ಆಪರೇಷನ್ ಆಗಿದ್ದರೆ ಕುತ್ತಿಗೆಗೆ ಮಫ್ಲರ್, ಸರ, ತಾಯಿತ ಯಾವುದೂ ಬೇಡ. ಶಿವದಾರ ಧರಿಸುವವರು ಬೇರೆ ಹೇಗೆ ಕಟ್ಟಿಕೊಳ್ಳಬಹುದೆಂದು ಸಿಸ್ಟರ್ ಬಳಿ ಕೇಳಿ.
* ಮೈ ಬೆಚ್ಚಗಿರಲಿ, ಫ್ಯಾನ್ ಗಾಳಿ ನೇರವಾಗಿ ಬೀಳದಿರಲಿ. ಫ್ಲ್ಯಾಪ್ ಮೇಲೆ ಐಸ್ ಆಗಲಿ ಬಿಸಿನೀರಿನ ಚೀಲವಾಗಲಿ ಇಡಬೇಡಿ. ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ.
* ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ ಪೂರ್ಣವಾಗಿ ಬಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಸಂಬಂಧಿಕರೂ ರೋಗಿಯ ಬಳಿ ಸೇದಬಾರದು.
* ಕಾಫಿ, ಚಹಾ ಕೊಡುವ ಮೊದಲು ವೈದ್ಯರನ್ನು ಕೇಳಿ.

ನುರಿತ ಕೇಂದ್ರಗಳಲ್ಲಿ 100 ಫ್ಲ್ಯಾಪ್‌ಗಳಲ್ಲಿ ಸುಮಾರು 95 ಉಳಿಯುತ್ತವೆ. ತೊಂದರೆ ಬಂದಾಗ ಬೇಗ ಕಂಡುಹಿಡಿದು ಸರಿಪಡಿಸಿದ್ದರಿಂದ ಉಳಿದವೂ ಅವುಗಳಲ್ಲಿವೆ. ಬಣ್ಣ ಬದಲಾದಂತೆ ಅನ್ನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಸಂಕೋಚಪಡದೆ ಸಿಸ್ಟರನ್ನು ಕರೆಯಿರಿ. ಬಂದು ನೋಡಿ ಏನೂ ಇಲ್ಲದಿದ್ದರೆ ಎಲ್ಲರಿಗೂ ಸಂತೋಷವೇ.