ಹಿಮಾಲಯದ ಬೇರು ಕಂಡ ಬಗೆ

ಗೋಡೆ ನೆಟ್ಟಗೆ ಎದ್ದಿದೆಯೇ ಎಂದು ನೋಡಲು ಗಾರೆಯವರು ದಾರದ ತುದಿಗೆ ಗುಂಡು ಕಟ್ಟಿ ಇಳಿಬಿಡುತ್ತಾರೆ. ಗುಂಡು ತೂಗಿದ ಕಡೆಯೇ ನೇರ, ಅದಕ್ಕೆ ಎದುರು ಮಾತಿಲ್ಲ. ಭಾರತವನ್ನು ಅಳೆಯಲು ಹೊರಟ ಮಹಾ ತ್ರಿಕೋನಮಿತಿ ಸರ್ವೆಯವರೂ ಆ ಗುಂಡನ್ನೇ ನಂಬಿದ್ದರು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನಲ್ಲಿ ಶುರುಮಾಡಿದ ಈ ಕೆಲಸ 1804ರಲ್ಲಿ ಬೆಂಗಳೂರಿನ ಬಯಲಿನಲ್ಲೂ ಸರಪಳಿ ಎಳೆದು, ಮುಂದೆ ಜಾರ್ಜ್ ಎವರೆಸ್ಟ್ ಕಾಲಕ್ಕೆ ಹಿಮಾಲಯದ ತಪ್ಪಲು ಮುಟ್ಟಿತು. ಅಲ್ಲಿ ಗುಂಡು ಕೈಕೊಟ್ಟಿತು.

ಇಂದಿನ ಮಧ್ಯಪ್ರದೇಶದ ಸಿರೋಂಜ್ ಬಳಿ ಕಲಿಯಾನ್‌ಪುರ ಎಂಬ ಊರಿದೆ. ಅಲ್ಲಿಂದ ಉತ್ತರಕ್ಕೆ ಸುಮಾರು 600 ಕಿ.ಮೀ. ದೂರದಲ್ಲಿ, ಮುಜಫರ್‌ನಗರದ ಕಡೆ, ಕಲಿಯಾನಾ. ಈ ಎರಡು ಊರುಗಳ ಅಂತರವನ್ನು ನೆಲದ ಮೇಲೆ ತ್ರಿಕೋನ ಕಟ್ಟಿ ಒಮ್ಮೆ ಅಳೆದರು, ನಕ್ಷತ್ರಗಳನ್ನು ನೋಡಿ ಇನ್ನೊಮ್ಮೆ ಲೆಕ್ಕ ಹಾಕಿದರು. ಎರಡಕ್ಕೂ 5 ಸೆಕೆಂಡು ಕೋನದಷ್ಟು, ಅಂದರೆ ನೆಲದ ಮೇಲೆ ಸುಮಾರು 160 ಮೀಟರಿನಷ್ಟು, ತಾಳೆಯಾಗಲಿಲ್ಲ. ನಕ್ಷತ್ರದ ಲೆಕ್ಕಕ್ಕೆ ನೆತ್ತಿ ಎಲ್ಲಿದೆ ಎಂದು ಗೊತ್ತಾಗಬೇಕು. ಅದನ್ನು ಹೇಳುವುದು ಗುಂಡು. ಉತ್ತರದಲ್ಲಿ ನಿಂತ ಹಿಮಾಲಯದ ರಾಶಿ ಗುಂಡನ್ನು ತನ್ನತ್ತ ಎಳೆದು ನೆತ್ತಿಯನ್ನೇ ತಪ್ಪಿಸಿತ್ತು.

ಇಲ್ಲಿಯವರೆಗಿನದು ಯಾರಿಗೂ ತೋಚಬಹುದಾದ ಉತ್ತರ. ಕಲ್ಕತ್ತೆಯಲ್ಲಿ ಆರ್ಚ್‌ಡೀಕನ್ ಆಗಿದ್ದ ಗಣಿತಜ್ಞ ಜಾನ್ ಹೆನ್ರಿ ಪ್ರ್ಯಾಟ್ ಅಷ್ಟಕ್ಕೆ ಬಿಡಲಿಲ್ಲ. ಹಿಮಾಲಯದ ಕಲ್ಲನ್ನೆಲ್ಲ ಲೆಕ್ಕಕ್ಕೆ ಹಿಡಿದು, ಅದು ಗುಂಡನ್ನು ಎಷ್ಟು ಎಳೆಯಬೇಕಿತ್ತು ಎಂದು ಕೂತು ಗುಣಿಸಿದರು. ಬಂದ ಉತ್ತರ ಸುಮಾರು 16 ಸೆಕೆಂಡು. ಎಳೆದದ್ದು ಅದರ ಮೂರನೇ ಒಂದು ಪಾಲು ಮಾತ್ರ! ನನ್ನ ಮಟ್ಟಿಗೆ ಹಿಮಾಲಯದ ಒಳಗನ್ನು ಕುರಿತ ವಿಜ್ಞಾನ ಹುಟ್ಟಿದ್ದು ಈ ಕೊರತೆಯಲ್ಲಿ. ಸರ್ವೆಯ ತಪ್ಪು ಎಂದು ಮುಚ್ಚಿಹಾಕಬಹುದಾಗಿದ್ದ ಅಂಕಿಯನ್ನು ಒಬ್ಬ ಪಾದ್ರಿ ಮುಚ್ಚಿಹಾಕಲಿಲ್ಲ.

ಇಷ್ಟು ದೊಡ್ಡ ಬೆಟ್ಟ ಇಷ್ಟು ಕಡಿಮೆ ಏಕೆ ಎಳೆಯಿತು? 1855ರಲ್ಲಿ ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ನೀರಿನಲ್ಲಿ ತೇಲುವ ದಿಮ್ಮಿಗಳ ಹೋಲಿಕೆ ಕೊಟ್ಟರು. ಹೊಳೆಯಲ್ಲಿ ತೇಲಿಬಿಟ್ಟ ದಿಮ್ಮಿಗಳಲ್ಲಿ ಒಂದು ಮಾತ್ರ ಎತ್ತರಕ್ಕೆ ಕಂಡರೆ, ಅದು ನೀರೊಳಗೂ ಉಳಿದವಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಬೆಟ್ಟಕ್ಕೂ ಹಾಗೆ ಬೇರಿದೆ; ಭಾರವಾದ ಕಲ್ಲು ಇರಬೇಕಾದ ಆಳದಲ್ಲಿ ಅದಕ್ಕಿಂತ ಹಗುರ ಕಲ್ಲು ತುಂಬಿಕೊಂಡಿದೆ; ಹಾಗಾಗಿ ಒಟ್ಟು ಸೆಳೆತ ಕಡಿಮೆ. ಪ್ರ್ಯಾಟ್ ಇದನ್ನು ಒಪ್ಪದೆ, ಬೆಟ್ಟದಡಿಯ ಕಲ್ಲೇ ಹಗುರ, ಬೇರು ಬೇಕಿಲ್ಲ ಎಂದರು. ಇಬ್ಬರಲ್ಲಿ ಯಾರು ಸರಿ ಎಂದು ಹೇಳಲು ಒಳಗೆ ನೋಡಬೇಕಿತ್ತು. ಕೊರೆದು ನೋಡೋಣವೆಂದರೆ, ಸೋವಿಯತ್ ಒಕ್ಕೂಟದವರು ಕೋಲಾ ಪರ್ಯಾಯದ್ವೀಪದಲ್ಲಿ ಎರಡು ದಶಕ ಕೊರೆದ ಬಾವಿ ಕೂಡ ಮುಟ್ಟಿದ್ದು ಬರೀ 12 ಕಿ.ಮೀ. ಆಳ. ಬೇರಿನ ತುದಿ ಅದಕ್ಕೂ ಆರು ಪಟ್ಟು ಕೆಳಗೆ. ಅಷ್ಟು ಆಳಕ್ಕೆ ಇಳಿದು ಸುದ್ದಿ ಹೊತ್ತು ಮೇಲೆ ಬರುವುದು ಭೂಕಂಪದ ಅಲೆ.

ಎರಡು ಅಲೆ, ಒಂದು ಗಡಿ

1897ರ ಜೂನ್ 12ರಂದು ಅಸ್ಸಾಮ್ ಕಡೆ ನೆಲ ನಡುಗಿದಾಗ ಅದರ ಅಲುಗಾಟ ಯುರೋಪಿನ ಮಾಪಕಗಳಲ್ಲೂ ದಾಖಲಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಆ ಗೀರುಗಳನ್ನು ಓದಿ, ಭೂಮಿಯೊಳಗೆ ಹಾದು ಬಂದದ್ದು ಒಂದಲ್ಲ ಎರಡು ಬಗೆಯ ಅಲೆ ಎಂದು ಬಿಡಿಸಿ ತೋರಿಸಿದರು. ಮೊದಲು ಬರುವುದು ಪಿ ಅಲೆ: ತಾನು ಸಾಗುವ ದಿಕ್ಕಿನಲ್ಲೇ ಕಲ್ಲನ್ನು ಒತ್ತಿ ಬಿಡುತ್ತ ಬರುತ್ತದೆ. ಹಿಂದೆ ನಿಧಾನಕ್ಕೆ ಬರುವುದು ಎಸ್ ಅಲೆ: ಜಗ್ಗಿದ ಹಗ್ಗ ಒದರಿದಂತೆ ಕಲ್ಲನ್ನು ಅಡ್ಡಡ್ಡ ಅಲ್ಲಾಡಿಸುತ್ತದೆ, ದ್ರವದೊಳಗೆ ಸಾಗಲಾರದು.

ಮುಂದಿನ ಹೆಜ್ಜೆ ಕ್ರೊಯೇಷಿಯಾದ್ದು. 1909ರ ಅಕ್ಟೋಬರ್ 8ರಂದು ಜಾಗ್ರೆಬ್‌ನ ದಕ್ಷಿಣಕ್ಕೆ ಕೂಪಾ ನದಿ ಕಣಿವೆಯಲ್ಲಿ ಭೂಕಂಪವಾಯಿತು. ಆಂದ್ರಿಯಾ ಮೊಹೊರೊವಿಚಿಚ್ ಹಲವು ಊರುಗಳ ದಾಖಲೆ ತರಿಸಿ ನೋಡಿದರೆ, ಒಂದೇ ಭೂಕಂಪದ ಪಿ ಅಲೆ ಕೆಲವು ಕಡೆ ಎರಡೆರಡು ಸಲ ಬಂದಿತ್ತು. ದೂರದ ಊರುಗಳಲ್ಲಿ ಮೊದಲು ಮುಟ್ಟಿದ್ದು ಸುತ್ತಿ ಬಂದ ಅಲೆ. ಬೈಪಾಸ್ ಹಿಡಿದವರು ಸುತ್ತಿಕೊಂಡು ಹೋದರೂ ಊರೊಳಗಿನಿಂದ ಹೋದವರಿಗಿಂತ ಮೊದಲು ತಲುಪುವುದಿಲ್ಲವೇ, ಹಾಗೆ. ಅಂದರೆ ಕೆಳಗೆ ಎಲ್ಲೋ ವೇಗದ ದಾರಿಯಿದೆ. ಮೇಲಿನ ಭೂಕವಚದಲ್ಲಿ ಪಿ ಅಲೆಯ ಓಟ ಸೆಕೆಂಡಿಗೆ ಆರೂವರೆ ಕಿ.ಮೀ. ಆಸುಪಾಸು, ಅದರಡಿಯ ಮ್ಯಾಂಟಲ್‌ನಲ್ಲಿ ಸುಮಾರು 8 ಕಿ.ಮೀ. ಈ ಎರಡರ ನಡುವಿನ ಗಡಿಗೆ ಅವರ ಹೆಸರನ್ನೇ ಮೊಟಕುಮಾಡಿ ಮೋಹೊ ಎನ್ನುತ್ತಾರೆ. ಬೆಟ್ಟದ ಬೇರು ಎಷ್ಟು ಆಳ ಎಂದರೆ, ಅಲ್ಲಿ ಮೋಹೊ ಎಷ್ಟು ಆಳದಲ್ಲಿದೆ ಎಂದೇ ಅರ್ಥ.

ಕನ್ನಡ ನಾಡಿನಡಿಯ ಮೋಹೊವನ್ನು ಅಳೆದದ್ದು ಸಿಡಿಮದ್ದಿನಿಂದ. 1972ರಿಂದ 75ರ ನಡುವೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಸೋವಿಯತ್ ನೆರವಿನೊಂದಿಗೆ, ಪೂರ್ವ ಕರಾವಳಿಯ ಕಾವಲಿಯಿಂದ ನಮ್ಮ ಉಡುಪಿಯವರೆಗೆ 600 ಕಿ.ಮೀ. ಉದ್ದದ ಸಾಲಿನಲ್ಲಿ ಮದ್ದು ಸಿಡಿಸಿ ಅಲೆಗಳ ಮರುದನಿ ಹಿಡಿಯಿತು. ಭಾರತದಲ್ಲಿ ಇಂಥ ಉದ್ದನೆಯ ಆಳಶೋಧ ಅದೇ ಮೊದಲು. ಕವಚದ ದಪ್ಪ 34ರಿಂದ 41 ಕಿ.ಮೀ. ಎಂದು ಬಂತು. ಹಿಮಾಲಯದ ಲೆಕ್ಕಕ್ಕೆ ಬರುವಾಗ ಈ ಅಂಕಿ ನೆನಪಿನಲ್ಲಿರಲಿ.

ಮಿಂಚು, ಗುಡುಗು, ಮಧ್ಯದ ಎಣಿಕೆ

ಹಿಮಾಲಯದಲ್ಲಿ ಉದ್ದಕ್ಕೂ ಮದ್ದು ಸಿಡಿಸುವುದು ದುಬಾರಿ, ಅಪಾಯ. ಆದ್ದರಿಂದ ಅಲ್ಲಿ ಬೇರೆಯ ದಾರಿ ಹೆಚ್ಚು ನಡೆದಿದೆ: ಮಾಪಕ ಹೂತಿಟ್ಟು ಕಾಯುವುದು. ಇಂಡೊನೇಷ್ಯಾದಲ್ಲೋ ಜಪಾನಿನಲ್ಲೋ ನೆಲ ನಡುಗಿದರೆ ಅದರ ಪಿ ಅಲೆ ಭೂಮಿಯ ಹೊಟ್ಟೆಯೊಳಗೆ ಬಾಗಿ ಬಂದು ಹಿಮಾಲಯದ ಬುಡಕ್ಕೆ ಕೆಳಗಿನಿಂದ, ತುಸು ಓರೆಯಾಗಿ, ತಗಲುತ್ತದೆ. ಮೋಹೊ ದಾಟುವಾಗ ಅದರ ಒಂದು ಪುಟ್ಟ ಪಾಲು ಎಸ್ ಅಲೆಯಾಗಿ ಮಾರ್ಪಡುತ್ತದೆ. ಅಲ್ಲಿಂದ ಎರಡೂ ಒಟ್ಟಿಗೆ ಮೇಲೆ ಹೊರಟರೂ ಎಸ್ ಹಿಂದೆ ಬೀಳುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವತನಕ ಒಂದು, ಎರಡು, ಮೂರು ಎಂದು ಎಣಿಸಿ ಸಿಡಿಲು ಎಷ್ಟು ದೂರ ಎಂದು ಹೇಳುತ್ತಿದ್ದೆವಲ್ಲ, ಇದೂ ಅದೇ ಲೆಕ್ಕ. ಕವಚ 40 ಕಿ.ಮೀ. ದಪ್ಪ ಇದ್ದರೆ ಎಸ್ ಸುಮಾರು 5 ಸೆಕೆಂಡು ತಡವಾಗುತ್ತದೆ. 75 ಕಿ.ಮೀ. ಇದ್ದರೆ 9 ಸೆಕೆಂಡು.

ಬರೆದಷ್ಟು ಸಲೀಸಲ್ಲ ಇದು. ಭೂಕಂಪ ಎಂಬುದು ಚಪ್ಪಾಳೆಯಂತೆ ಒಂದು ಸಲ ಸದ್ದಾಗಿ ನಿಲ್ಲುವಂಥದಲ್ಲ; ಹತ್ತಾರು ಸೆಕೆಂಡು ಗುರುಗುಟ್ಟುತ್ತದೆ. ಆ ಗುರುಗುಟ್ಟುವಿಕೆಯೊಳಗೆ ಸಣ್ಣ ಎಸ್ ಅಲೆ ಮುಳುಗಿಹೋಗಿರುತ್ತದೆ. ಬಿಡಿಸುವ ಉಪಾಯ ಜಾಣತನದ್ದು. ಪಿ ಅಲೆ ಕೆಳಗಿನಿಂದ ಬರುವುದರಿಂದ ನೆಲವನ್ನು ಮುಖ್ಯವಾಗಿ ಮೇಲೆ ಕೆಳಗೆ ಅಲ್ಲಾಡಿಸುತ್ತದೆ, ಎಸ್ ಅಡ್ಡಕ್ಕೆ. ಮಾಪಕ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳುತ್ತದೆ. ಮೇಲೆ-ಕೆಳಗಿನ ಗೀರನ್ನು ಆ ಭೂಕಂಪದ ದನಿಯ ಮಾದರಿ ಎಂದು ಹಿಡಿದು, ಅದೇ ದನಿ ಅಡ್ಡಗೀರಿನಲ್ಲಿ ಎಷ್ಟು ಸೆಕೆಂಡು ತಡವಾಗಿ ಮರುಕಳಿಸಿದೆ ಎಂದು ಗಣಿತದಿಂದ ಹುಡುಕುತ್ತಾರೆ. ಒಂದು ಭೂಕಂಪದಿಂದ ಬಂದ ಉತ್ತರವನ್ನು ನಂಬುವಂತಿಲ್ಲ. ಗಾಳಿ, ತೊರೆ, ಲಾರಿ, ಎಮ್ಮೆ, ಎಲ್ಲವೂ ಮಾಪಕದಲ್ಲಿ ಸಹಿ ಹಾಕಿಯೇ ಹಾಕುತ್ತವೆ. ಹತ್ತಾರು ಭೂಕಂಪಗಳ ದಾಖಲೆಯನ್ನು ಒಂದರ ಮೇಲೊಂದು ಕೂಡಿದಾಗ ಗದ್ದಲ ಒಂದನ್ನೊಂದು ಹೊಡೆದುಹಾಕಿ ಮೋಹೊದ ದನಿ ಉಳಿಯುತ್ತದೆ. ಅದಕ್ಕೇ ಒಂದೊಂದು ಸಾಲಿಗೂ ವರ್ಷಗಟ್ಟಲೆ ಕಾಯಬೇಕು.

ಹೀಗೆ ಕಾದವರಲ್ಲಿ ಹೈದರಾಬಾದ್ ಸಂಸ್ಥೆಯ ಎಸ್. ಎಸ್. ರೈ ಮತ್ತು ಸಂಗಡಿಗರು 2006ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ದೆಹಲಿಯಡಿ ಮೋಹೊ 40 ಕಿ.ಮೀ. ಆಳದಲ್ಲಿದೆ. ಅಲ್ಲಿಂದ ಉತ್ತರಕ್ಕೆ ಹೋದಂತೆ ಇಳಿಯುತ್ತ ಇಳಿಯುತ್ತ ಲಡಾಖ್‌ನಲ್ಲಿ, ಕವಚ ಬಿರಿದು ಜಾರುವ ಕಾರಕೋರಮ್ ಸ್ತರಭಂಗದ ಬಳಿ, 75 ಕಿ.ಮೀ. ಮುಟ್ಟುತ್ತದೆ. ಕಾವಲಿ–ಉಡುಪಿ ಸಾಲಿನ ಅಂಕಿಯ ಸರಿಸುಮಾರು ಎರಡರಷ್ಟು. ಬೇರಿನ ವಿಷಯದಲ್ಲಿ ಏರಿ ಗೆದ್ದರು ಎನ್ನಬೇಕು. ಆದರೆ ಅವರ ದಿಮ್ಮಿ ಸುಮ್ಮನೆ ತೇಲುತ್ತಿತ್ತು. ಇಲ್ಲಿ ಒಂದು ದಿಮ್ಮಿ ಇನ್ನೊಂದರಡಿ ನುಗ್ಗುತ್ತಿದೆ.

ಟಿಬೆಟ್‌ನಡಿ ಭಾರತ

ಆ ನುಗ್ಗಾಟವನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು 1992ರಲ್ಲಿ ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು ದಕ್ಷಿಣ ಟಿಬೆಟ್‌ನಲ್ಲಿ ಆರಂಭಿಸಿದ ಇಂಡೆಪ್ತ್ ಯೋಜನೆ. ಅವರು ಕೊಳವೆ ಕೊರೆದು ಮದ್ದು ಸಿಡಿಸಿದರು. ಮರುದನಿಯಲ್ಲಿ 75 ಕಿ.ಮೀ. ಆಳದ ಮೋಹೊ ಕಂಡಿತು. ಅದಕ್ಕಿಂತ ಬಹಳ ಮೇಲೆ, 28ರಿಂದ 40 ಕಿ.ಮೀ. ಆಳದ ನಡುವೆ, ಉತ್ತರಕ್ಕೆ ವಾಲಿದ ಇನ್ನೊಂದು ಗೆರೆಯೂ ಕಂಡಿತು. ಭೂವಿಜ್ಞಾನಿಗಳು ಮೇನ್ ಹಿಮಾಲಯನ್ ಥ್ರಸ್ಟ್ ಎನ್ನುವ ಮಹಾ ಸ್ತರಭಂಗ ಅದು. ಗೆರೆಯ ಮೇಲಿರುವುದು ಹಿಮಾಲಯ, ಕೆಳಗೆ ಜಾರಿ ಒಳಹೋಗುತ್ತಿರುವುದು ಭಾರತದ ಕವಚ.

2002ರಿಂದ 2005ರವರೆಗೆ ನಡೆದ ಹೈ-ಕ್ಲೈಂಬ್ ಯೋಜನೆ ಈ ಚಿತ್ರದ ಎರಡೂ ತುದಿ ಜೋಡಿಸಿತು. ನೇಪಾಳದ ಬಯಲಿನಿಂದ ಟಿಬೆಟ್‌ನ ಒಳಗಿನವರೆಗೆ 800 ಕಿ.ಮೀ. ಉದ್ದಕ್ಕೆ ಒತ್ತೊತ್ತಾಗಿ ಮಾಪಕಗಳು. 2009ರಲ್ಲಿ ಜಾನ್ ನಾಬೆಲೆಕ್ ಮತ್ತು ಜೊತೆಗಾರರು ಪ್ರಕಟಿಸಿದ ಚಿತ್ರದಲ್ಲಿ ಆ ಸ್ತರಭಂಗ ನೇಪಾಳದಡಿಯ ಕಡಿಮೆ ಆಳದಿಂದ ಟಿಬೆಟ್‌ನಡಿಯ ನಡುಕವಚದವರೆಗೆ ಎಲ್ಲೂ ಕಡಿಯದೆ ಕಾಣುತ್ತದೆ. ಭಾರತದ ಕವಚದ ಜಾಡು 31 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಸಿಕ್ಕಿತು. ಲಾಸಾ ಇರುವುದು 30 ಡಿಗ್ರಿಗಿಂತ ಕೆಳಗೆ. ಅಂದರೆ ಭೂಪಟದಲ್ಲಿ ಭಾರತ ಮುಗಿದು ಎಷ್ಟೋ ದೂರದವರೆಗೆ ನೆಲದಡಿಯಲ್ಲಿ ಭಾರತವೇ ಇದೆ. (ಗಡಿತಕರಾರಿನವರು ಇದನ್ನು ದಾಖಲೆಯಾಗಿ ಹಿಡಿದು ಬರದಿರಲಿ.)

ಚಿತ್ರ ಎಂದೆ. ಅದು ಫೋಟೊ ಅಲ್ಲ ಎಂಬುದನ್ನೂ ಹೇಳಬೇಕು. ಸೆಕೆಂಡುಗಳನ್ನು ಕಿಲೋಮೀಟರ್ ಮಾಡಲು ಅಲೆಯ ವೇಗ ಗೊತ್ತಿರಬೇಕು. ವೇಗವನ್ನು ಕೊಂಚ ತಪ್ಪಾಗಿ ಊಹಿಸಿದರೆ ಮೋಹೊ ಹಲವು ಕಿಲೋಮೀಟರ್ ಮೇಲೆ ಕೆಳಗೆ ಸರಿದುಬಿಡುತ್ತದೆ. ಇದ್ದದ್ದನ್ನು ಕಂಡರೂ ಅದು ಏನು ಎಂಬ ಜಗಳ ಬೇರೆ. ಟಿಬೆಟ್‌ನ ಯಾಂಗ್‌ಬಾಜಿಂಗ್ ಕಡೆ 15–20 ಕಿ.ಮೀ. ಆಳದಲ್ಲಿ ಅಲೆಗಳನ್ನು ಜೋರಾಗಿ ಮರಳಿಸುವ ಮಚ್ಚೆಗಳು ಇಂಡೆಪ್ತ್ ದಾಖಲೆಗಳಲ್ಲಿ ಸಿಕ್ಕವು. ದ್ರವ ಇದೆ ಎನ್ನುವುದರಲ್ಲಿ ಹೆಚ್ಚಿನವರಿಗೆ ಅನುಮಾನವಿರಲಿಲ್ಲ. ಕರಗಿದ ಕಲ್ಲು ಎಂದರು ಕೆಲವರು. ಉಪ್ಪುನೀರು ಎಂದರು ಇನ್ನು ಕೆಲವರು. ಅಲೆಗೆ ಎರಡೂ ಹೆಚ್ಚು ಕಡಿಮೆ ಒಂದೇ ಬಗೆಯಲ್ಲಿ ತೋರುತ್ತವೆ.

ಸ್ತರಭಂಗದ ಗೆರೆ ಮಾತ್ರ ಇಂಥ ಅನುಮಾನ ಉಳಿಸಲಿಲ್ಲ. 2015ರ ಏಪ್ರಿಲ್ 25ರಂದು ನೇಪಾಳದ ಗೋರ್ಖಾ ಜಿಲ್ಲೆಯಲ್ಲಿ 7.8 ಪ್ರಮಾಣದ ಭೂಕಂಪವಾಯಿತು. ಸುಮಾರು 9,000 ಜನ ಸತ್ತರು, ಕಠ್ಮಂಡುವಿನ ಧರಹರಾ ಗೋಪುರ ಕುಸಿಯಿತು. ಅಂದು ಜಾರಿದ್ದು ಅಲೆಗಳು ಮೊದಲೇ ತೋರಿಸಿದ್ದ ಅದೇ ಸ್ತರಭಂಗ. ಬಿರುಕು ಪೂರ್ವಕ್ಕೆ 150 ಕಿ.ಮೀ.ಯಷ್ಟು ಓಡಿ ಕಠ್ಮಂಡುವಿನಡಿ ಹಾದುಹೋಯಿತು. ನಗರ ಸುಮಾರು ಒಂದು ಮೀಟರ್ ಮೇಲೆದ್ದು ದಕ್ಷಿಣಕ್ಕೆ ಸರಿಯಿತು. ಆದರೆ ಜಾರಿದ್ದು ಸ್ತರಭಂಗದ ಆಳದ ಭಾಗವಷ್ಟೆ. ಬಿರುಕು ನೆಲದ ಮೇಲಕ್ಕೆ ಬರಲಿಲ್ಲ. ಭಾರತ ವರ್ಷಕ್ಕೆ ಎರಡು ಸೆಂಟಿಮೀಟರಿನಷ್ಟು ಹಿಮಾಲಯದಡಿ ನುಗ್ಗುತ್ತಲೇ ಇದೆ. ಕಠ್ಮಂಡುವಿನಿಂದ ದಕ್ಷಿಣಕ್ಕೆ, ತೆರಾಯಿ ಬಯಲಿನವರೆಗಿನ ಸ್ತರಭಂಗದ ಮೇಲ್ತುದಿ 2015ರಲ್ಲಿ ಅಲುಗಲಿಲ್ಲ.